ಅನಾನಸ್ ಮಾವಿನ ಚಟ್ನಿ: ರುಚಿ ನೋಡುವುದು ಆರಿದ ಮೇಲೆ

ಈ ಚಟ್ನಿ ಕೆಡುವುದು ಹೆಚ್ಚಾಗಿ ಕೊನೆಯ ಹತ್ತು ನಿಮಿಷದಲ್ಲಿ. ಹಣ್ಣು ಚೆನ್ನಾಗಿರುತ್ತದೆ, ಮಸಾಲೆ ಹದವಾಗಿ ಬಿದ್ದಿರುತ್ತದೆ, ಘಮ ಮನೆಯೆಲ್ಲ ತುಂಬಿರುತ್ತದೆ, ಆದರೂ ಬಾಣಲೆಯಲ್ಲಿ ನೀರುನೀರಾಗಿ ಕಾಣುತ್ತಿದೆಯಲ್ಲ ಅಂತ ಇನ್ನೊಂದು ಸ್ವಲ್ಪ ಹೊತ್ತು ಒಲೆ ಮೇಲೆ ಬಿಡುತ್ತೇವೆ. ಮಾರನೇ ದಿನ ಬಾಟಲಿ ತೆಗೆದರೆ ಚಮಚ ಇಳಿಯುವುದಿಲ್ಲ. ನಾನು ಮೊದಲ ಎರಡು ಸಲ ಮಾಡಿದಾಗ ಹೀಗೇ ಆಯಿತು, ಒಂದೊಂದು ಕಿಲೋ ಹಣ್ಣು ಅಂಟಿನ ಉಂಡೆಯಾಗಿ ಹೋಯಿತು. ಸಕ್ಕರೆ ಮತ್ತು ಹಣ್ಣಿನ ಪೆಕ್ಟಿನ್ (ಜಾಮ್ ಗಟ್ಟಿಯಾಗಿಸುವ ಹಣ್ಣಿನದೇ ಅಂಟು) ಎರಡೂ ಆರಿದ ಮೇಲೆ ಬಿಗಿಯಾಗುತ್ತವೆ. ಬಿಸಿಯಲ್ಲಿ ಸರಿಯಾಗಿ ಕಂಡದ್ದು ಆರಿದ ಮೇಲೆ ಗಟ್ಟಿ. ಇದೊಂದು ಗೊತ್ತಿದ್ದರೆ ಉಳಿದದ್ದು ಕಷ್ಟವಿಲ್ಲ.

ಇದು ರುಬ್ಬುವ ಚಟ್ನಿ ಅಲ್ಲ. ಹಣ್ಣು, ವಿನೆಗರ್, ಸಕ್ಕರೆ, ಮಸಾಲೆ ಹಾಕಿ ನಿಧಾನವಾಗಿ ಬೇಯಿಸಿ ಬಾಟಲಿಗೆ ತುಂಬುವ ಚಟ್ನಿ.

ಹಣ್ಣು ಆರಿಸುವಾಗ ಒಂದು ವಿಷಯ ನೆನಪಿರಲಿ. ಅನಾನಸ್ ಕೊಯ್ದ ಮೇಲೆ ಇನ್ನಷ್ಟು ಸಿಹಿಯಾಗುವುದಿಲ್ಲ. ಮನೆಯಲ್ಲಿಟ್ಟರೆ ಸಿಪ್ಪೆ ಹಳದಿಯಾಗಬಹುದು, ಮೆತ್ತಗಾಗಬಹುದು, ಸಿಹಿ ಮಾತ್ರ ಏರದು. ಹಾಗಾಗಿ ಹಣ್ಣಾದದ್ದನ್ನೇ ತನ್ನಿ: ಕೈಗೆ ಭಾರ ಅನ್ನಿಸಬೇಕು, ಬುಡದಲ್ಲಿ ಮೂಗಿಟ್ಟರೆ ಸಿಹಿ ವಾಸನೆ ಬರಬೇಕು, ಹುಳಿತ ವಾಸನೆ ಬಂದರೆ ಬೇಡ. ಮಾವು ಹಾಗಲ್ಲ, ಬಲಿತ ಕಾಯಿಯಾದರೆ ಕೊಯ್ದ ಮೇಲೂ ಹಣ್ಣಾಗುತ್ತದೆ. ಚಟ್ನಿಗೆ ಬೇಕಾದದ್ದು ದೋರೆಗಾಯಿ. ಒಳಗೆ ಹಳದಿ ತಿರುಗಿರಬೇಕು, ಆದರೆ ಒತ್ತಿದರೆ ಗಟ್ಟಿಯಿರಬೇಕು. ಪೂರ್ತಿ ಹಣ್ಣಾದ ಮಾವು ಬೆಂದು ಗೊಜ್ಜಾಗಿಬಿಡುತ್ತದೆ, ಹುಳಿಯೂ ಕಡಿಮೆ. ದೋರೆಗಾಯಿಯಲ್ಲಿ ಪೆಕ್ಟಿನ್ ಜಾಸ್ತಿ, ಅನಾನಸ್‌ನಲ್ಲಿ ಕಡಿಮೆ. ಎರಡನ್ನೂ ಸೇರಿಸುವುದು ಅದಕ್ಕೇ. ಒಂದು ಘಮ ಕೊಡುತ್ತದೆ, ಇನ್ನೊಂದು ಹಿಡಿತ ಕೊಡುತ್ತದೆ.

ಅಳತೆ ಹೀಗಿದೆ. ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದ ಅನಾನಸ್ 500 ಗ್ರಾಂ. ಸಿಪ್ಪೆ, ಓಟೆ ತೆಗೆದ ಮಾವು 500 ಗ್ರಾಂ. ಈರುಳ್ಳಿ 200 ಗ್ರಾಂ, ಶುಂಠಿ 40 ಗ್ರಾಂ, ಬೆಳ್ಳುಳ್ಳಿ 5 ಎಸಳು. ಸಕ್ಕರೆ 300 ಗ್ರಾಂ. ಒಣದ್ರಾಕ್ಷಿ 75 ಗ್ರಾಂ. ವಿನೆಗರ್ 300 ಮಿಲಿ, ಬಾಟಲಿಯ ಮೇಲೆ ಆಮ್ಲ 5 ಶೇಕಡಾ ಅಂತ ಬರೆದಿರಬೇಕು. ಒಣಮೆಣಸಿನಕಾಯಿ 3, ಸಾಸಿವೆ ಒಂದು ಟೀ ಚಮಚ, ಒಂದು ಬೆರಳುದ್ದದ ಚಕ್ಕೆ, ಲವಂಗ 4, ಉಪ್ಪು ಎರಡು ಟೀ ಚಮಚ. ಇಷ್ಟಕ್ಕೆ 250 ಮಿಲಿಯ ನಾಲ್ಕು ಬಾಟಲಿ ತುಂಬುತ್ತವೆ, ಎಷ್ಟು ಬತ್ತಿಸುತ್ತೀರಿ ಅನ್ನುವುದರ ಮೇಲೆ ಸ್ವಲ್ಪ ಹೆಚ್ಚು ಕಡಿಮೆ.

ಸಕ್ಕರೆಯ ಬದಲು ಬೆಲ್ಲ ಹಾಕಬಹುದು. ಬಣ್ಣ ಕಪ್ಪಾಗುತ್ತದೆ, ರುಚಿ ಗಾಢವಾಗುತ್ತದೆ, ಆದರೆ ಅನಾನಸ್ ಘಮ ಹಿಂದೆ ಸರಿಯುತ್ತದೆ. ನನಗೆ ಅರ್ಧ ಸಕ್ಕರೆ ಅರ್ಧ ಬೆಲ್ಲ ಇಷ್ಟ. ಮೆಣಸಿನಕಾಯಿ ನಿಮ್ಮ ನಾಲಿಗೆಗೆ ಬಿಟ್ಟದ್ದು. ವಿನೆಗರ್ ಮಾತ್ರ ಕಡಿಮೆ ಮಾಡಬೇಡಿ, ದಯವಿಟ್ಟು. ಅದು ಬರೀ ರುಚಿಗೆ ಹಾಕುವುದಲ್ಲ, ಚಟ್ನಿಯನ್ನು ಕಾಯುವುದೇ ಅದು. ಹುಳಿಯ ಅಳತೆಯಾದ ಪಿಎಚ್ (ಹುಳಿ ಹೆಚ್ಚಿದಷ್ಟು ಈ ಸಂಖ್ಯೆ ಇಳಿಯುತ್ತದೆ) 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ಎಂಬ ಅಪಾಯಕಾರಿ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಅನಾನಸ್ ತಾನೇ ಹುಳಿ, ಆದರೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿಯಲ್ಲಿ ಹುಳಿ ಇಲ್ಲವೇ ಇಲ್ಲ ಅನ್ನಬಹುದು. ಮಾವಿನ ಬದಲು ಪಪ್ಪಾಯಿ ಹಾಕಬೇಕು ಅನ್ನಿಸಿದರೆ ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡಿ, ಪಪ್ಪಾಯಿಯಲ್ಲಿ ಹುಳಿ ಬಹಳ ಕಡಿಮೆ. ಅದನ್ನು ಅರ್ಧಕ್ಕಿಂತ ಹೆಚ್ಚು ಸೇರಿಸಬೇಡಿ, ಮೇಲೆ ಒಂದು ನಿಂಬೆಹಣ್ಣು ಹಿಂಡಿ.

ಪಾತ್ರೆ ಸ್ಟೀಲ್‌ನದ್ದೇ ಆಗಲಿ, ತಳ ದಪ್ಪ, ಬಾಯಿ ಅಗಲ. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣ ಬೇಡ. ವಿನೆಗರ್ ಅವನ್ನು ಕೊರೆಯುತ್ತದೆ, ಲೋಹದ ರುಚಿ ಹಣ್ಣಿಗೆ ಇಳಿಯುತ್ತದೆ. ಬಾಯಿ ಅಗಲವಿದ್ದಷ್ಟು ನೀರು ಬೇಗ ಆವಿಯಾಗುತ್ತದೆ, ಹಣ್ಣಿನ ಹೊಸ ರುಚಿ ಉಳಿಯುತ್ತದೆ.

ಮಾವು ಹೆಚ್ಚುವ ಮೊದಲು ತೊಟ್ಟಿನ ಸೊನೆ ಚೆನ್ನಾಗಿ ತೊಳೆದು ಒರೆಸಿ, ಕೆಲವರಿಗೆ ಚರ್ಮ ಉರಿದು ಗುಳ್ಳೆ ಏಳುತ್ತದೆ. ಹಣ್ಣನ್ನು ಒಂದು ಸೆಂಟಿಮೀಟರಿನ ತುಂಡು ಮಾಡಿ. ಈರುಳ್ಳಿ ಇನ್ನೂ ಸಣ್ಣಗೆ. ಶುಂಠಿಯನ್ನು ತುರಿಯುವುದಕ್ಕಿಂತ ಕಡ್ಡಿಕಡ್ಡಿಯಾಗಿ ಹೆಚ್ಚಿದರೆ ಬಾಯಿಗೆ ಸಿಕ್ಕಾಗ ಖುಷಿ. ಚಕ್ಕೆ, ಲವಂಗವನ್ನು ಒಂದು ಶುದ್ಧ ಬಟ್ಟೆಯಲ್ಲಿ ಸಣ್ಣ ಗಂಟು ಕಟ್ಟಿ, ಕೊನೆಗೆ ತೆಗೆಯಲು ಸುಲಭ. ಪುಡಿ ಹಾಕಿದರೆ ಚಟ್ನಿ ಮಬ್ಬಾಗುತ್ತದೆ, ಲವಂಗದ ಪುಡಿಯಂತೂ ಎಲ್ಲವನ್ನೂ ನುಂಗಿಬಿಡುತ್ತದೆ. ಸಾಸಿವೆಯನ್ನು ಒಣಗಿದ ಬಾಣಲೆಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ ತರಿತರಿಯಾಗಿ ಕುಟ್ಟಿ.

ಈಗ ಒಲೆ ಹಚ್ಚೋಣ. ಕಿಟಕಿ ತೆರೆದಿಡಿ, ವಿನೆಗರ್ ಆವಿ ಕಣ್ಣಿಗೆ ಹೊಡೆಯುತ್ತದೆ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಮುರಿದ ಮೆಣಸಿನಕಾಯಿ, ಸಾಸಿವೆ, ಮಸಾಲೆ ಗಂಟು, ಅನಾನಸ್ ಪೂರ್ತಿ, ಮಾವು ಅರ್ಧ, ಉಪ್ಪು, ವಿನೆಗರ್ ಎಲ್ಲ ಒಟ್ಟಿಗೆ ಹಾಕಿ ಕುದಿ ಬರಿಸಿ, ಆಮೇಲೆ ಉರಿ ಸಣ್ಣ ಮಾಡಿ 20 ನಿಮಿಷ ಬೇಯಲು ಬಿಡಿ. ಮುಚ್ಚಳ ಬೇಡ. ಸಕ್ಕರೆ ಇನ್ನೂ ಹಾಕಬೇಡಿ. ಸಕ್ಕರೆ ಬಿದ್ದ ಮೇಲೆ ಹಣ್ಣು ಮೆತ್ತಗಾಗುವುದು ನಿಧಾನವಾಗುತ್ತದೆ, ತುಂಡುಗಳು ಹಾಗೇ ಗಟ್ಟಿ ನಿಲ್ಲುತ್ತವೆ. ಈ ಗುಣವನ್ನೇ ನಾವು ಬಳಸಿಕೊಳ್ಳಬಹುದು ಅಲ್ವಾ? ಮೊದಲು ಹಾಕಿದ ಮಾವು ಕರಗಿ ಗೊಜ್ಜಾಗುತ್ತದೆ, ಉಳಿದ ಅರ್ಧವನ್ನು ಸಕ್ಕರೆ ಜೊತೆ ಹಾಕಿದರೆ ಅದು ತುಂಡಾಗಿಯೇ ಉಳಿಯುತ್ತದೆ. ಒಂದೇ ಚಟ್ನಿಯಲ್ಲಿ ಎರಡೂ ಸಿಗುತ್ತದೆ. ನನಗೆ ಈ ಚಟ್ನಿಯಲ್ಲಿ ಅತಿ ಇಷ್ಟವಾದದ್ದು ಅದೇ.

ಹಸಿ ಅನಾನಸ್ ಜಾಸ್ತಿ ತಿಂದರೆ ನಾಲಿಗೆ ಚುರುಗುಟ್ಟುತ್ತದಲ್ಲ, ಅದರಲ್ಲಿ ಬ್ರೊಮೆಲೈನ್ ಎಂಬ ಕಿಣ್ವದ ಕೈವಾಡವಿದೆ. ಅದು ಪ್ರೊಟೀನನ್ನು ಒಡೆಯುತ್ತದೆ. ಕುದಿಸಿದರೆ ಅದರ ಆಟ ಮುಗಿಯಿತು. ಹಾಗಾಗಿ ಅನಾನಸ್ ಅನ್ನು ಮೊದಲೇ ಹಾಕಿ ಚೆನ್ನಾಗಿ ಬೇಯಿಸಿ, ಕೊನೆಯಲ್ಲಿ ಹಸಿ ತುಂಡು ಸೇರಿಸಬೇಡಿ.

20 ನಿಮಿಷ ಆದ ಮೇಲೆ ಸಕ್ಕರೆ, ಉಳಿದ ಮಾವು, ಒಣದ್ರಾಕ್ಷಿ ಹಾಕಿ. ಸಕ್ಕರೆ ಕರಗಿದಾಗ ಎಲ್ಲ ಮತ್ತೆ ನೀರಾಗಿ ಕಾಣುತ್ತದೆ, ಗಾಬರಿ ಬೇಡ. ಸಣ್ಣ ಉರಿಯಲ್ಲಿ 30ರಿಂದ 40 ನಿಮಿಷ. ಮೊದಲರ್ಧದಲ್ಲಿ ಆಗಾಗ ಕೈಯಾಡಿಸಿದರೆ ಸಾಕು, ಕೊನೆಯ ಹದಿನೈದು ನಿಮಿಷ ಅಲ್ಲಿಂದ ಕದಲಬೇಡಿ. ಸಕ್ಕರೆ ಇರುವುದರಿಂದ ತಳ ಹಿಡಿಯುವುದು ಒಂದು ಕ್ಷಣದ ಕೆಲಸ, ಒಮ್ಮೆ ಸೀದ ವಾಸನೆ ಹತ್ತಿದರೆ ಇಡೀ ಪಾತ್ರೆಗೇ ಹತ್ತುತ್ತದೆ. ಹಾಗೇನಾದರೂ ಆದರೆ ಕೆರೆಯಬೇಡಿ, ಮೇಲಿನದ್ದನ್ನು ಸುಮ್ನೆ ಬೇರೆ ಪಾತ್ರೆಗೆ ಸುರಿದು ರುಚಿ ನೋಡಿ. ಬೇಗ ಗಮನಿಸಿದ್ದರೆ ಉಳಿಯುತ್ತದೆ.

ಹದ ನೋಡುವುದಕ್ಕೆ ಎರಡು ದಾರಿ ಇವೆ, ನಾನು ಎರಡನ್ನೂ ನೋಡುತ್ತೇನೆ. ಮರದ ಸೌಟಿನಿಂದ ಪಾತ್ರೆಯ ತಳದಲ್ಲಿ ಒಂದು ಗೆರೆ ಎಳೆಯಿರಿ. ನೀರು ತಕ್ಷಣ ನುಗ್ಗಿ ಮುಚ್ಚಿದರೆ ಇನ್ನೂ ಆಗಿಲ್ಲ. ಒಂದೆರಡು ಸೆಕೆಂಡು ತಳ ಕಂಡು, ಆಮೇಲೆ ನಿಧಾನವಾಗಿ ಕೂಡಿಕೊಂಡರೆ ಹತ್ತಿರ ಬಂತು. ಆಗ ಉರಿ ಆರಿಸಿ. ಪೂರ್ತಿ ಆರಿಸಿ, ನೋಡುವಷ್ಟರಲ್ಲಿ ಅದು ಬೆಂದು ಮುಂದೆ ಹೋಗಬಾರದು. ಮೊದಲೇ ಫ್ರಿಜ್‌ನಲ್ಲಿಟ್ಟ ತಟ್ಟೆ ತೆಗೆದು ಅರ್ಧ ಚಮಚ ಹಾಕಿ, ಮೂರು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ಸುತ್ತ ನೀರು ಬಿಡದೆ ಮೆತ್ತಗೆ ಸರಿದರೆ ಮುಗಿಯಿತು. ಉಪ್ಪು, ಸಿಹಿ, ಹುಳಿ ನೋಡುವುದೂ ಈ ತಣ್ಣಗಾದ ಚೂರಿನಲ್ಲೇ. ಸೌಟಿನಿಂದ ಬಿಸಿಬಿಸಿಯಾಗಿ ನೆಕ್ಕಿದರೆ ವಿನೆಗರ್ ಆವಿ ಮೂಗಿಗೆ ಏರಿ ಹುಳಿ ಜಾಸ್ತಿ ಆಯಿತು ಅನ್ನಿಸುತ್ತದೆ, ನೀವು ಇನ್ನೊಂದು ಹಿಡಿ ಸಕ್ಕರೆ ಸುರಿಯುತ್ತೀರಿ. ತಣ್ಣಗಾದ ಮೇಲೂ ಸ್ವಲ್ಪ ಖಾರವಾದ ಹುಳಿ ಇದ್ದರೆ ಬಿಡಿ. ಎರಡು ವಾರದಲ್ಲಿ ಅದು ತಾನೇ ಮೆತ್ತಗಾಗುತ್ತದೆ.

ಬಾಟಲಿಗಳನ್ನು ಸೋಪಿನಲ್ಲಿ ತೊಳೆದು ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬೋರಲು ಹಾಕಿ ನೀರು ಬಸಿಯಿರಿ. ಚಟ್ನಿ ಬಿಸಿ ಇರುವಾಗಲೇ ಬಾಟಲಿಯೂ ಬಿಸಿ ಇರಬೇಕು, ಇಲ್ಲದಿದ್ದರೆ ಗಾಜು ಸೀಳುತ್ತದೆ. ಮಸಾಲೆ ಗಂಟು ಹಿಂಡಿ ತೆಗೆದು, ಮೇಲೆ ಒಂದು ಸೆಂಟಿಮೀಟರ್ ಬಿಟ್ಟು ತುಂಬಿ. ಒಳಗೆ ಗಾಳಿ ಗುಳ್ಳೆ ಸಿಕ್ಕಿಕೊಂಡಿದ್ದರೆ ಶುದ್ಧ ಕಡ್ಡಿಯಿಂದ ಬಿಡಿಸಿ, ಬಾಯಿ ಒರೆಸಿ ಮುಚ್ಚಿ. ಮುಚ್ಚಳದ ಒಳಮೈ ಬರೀ ಲೋಹವಾಗಿದ್ದರೆ ವಿನೆಗರ್‌ಗೆ ತುಕ್ಕು ಹಿಡಿಯುತ್ತದೆ, ಲೇಪ ಇರುವುದನ್ನು ಆರಿಸಿ.

ಬಾಟಲಿ ಆರಿದ ಮೇಲೆ ಫ್ರಿಜ್‌ಗೆ. ಈ ಅಳತೆ ಫ್ರಿಜ್‌ನಲ್ಲಿಡುವುದಕ್ಕೆ ಮಾತ್ರ, ಹೊರಗೆ ಕಪಾಟಿನಲ್ಲಿಡುವುದಕ್ಕಲ್ಲ. ಎರಡು ವಾರ ಮುಟ್ಟದೆ ಇಟ್ಟರೆ ಮಸಾಲೆ, ಹುಳಿ, ಹಣ್ಣು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಮೊದಲ ದಿನದ ಚಟ್ನಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಎರಡು ತಿಂಗಳೊಳಗೆ ಮುಗಿಸಿ. ತೆಗೆಯುವಾಗ ಒಣ ಚಮಚವೇ ಬಳಸಿ, ಬೂಷ್ಟು ಕಂಡರೆ ಮೇಲಿನ ಪದರ ಮಾತ್ರ ತೆಗೆಯದೆ ಪೂರ್ತಿ ಬಿಸಾಡಿ.

ಇಷ್ಟೆಲ್ಲ ನೋಡಿಕೊಂಡರೂ ಗಟ್ಟಿಯಾಗಿದ್ದರೆ ಬೇಸರ ಬೇಡ. ಬಾಟಲಿಯದ್ದನ್ನು ಪಾತ್ರೆಗೆ ಹಾಕಿ, ಎರಡು ಚಮಚ ವಿನೆಗರ್, ಎರಡು ಚಮಚ ಅನಾನಸ್ ರಸ ಸೇರಿಸಿ, ಸಣ್ಣ ಉರಿಯಲ್ಲಿ ಒಂದು ಕುದಿ ಬರಿಸಿ, ಮತ್ತೆ ತಣ್ಣನೆಯ ತಟ್ಟೆಯ ಮೇಲೆ ಹಾಕಿ ನೋಡಿ.