ಬಾಡಿಗೆ ಏರಿಸುವ ಮುಂಚೆ ಒಂದು ಕಾಗದ ಬರೆಯಿರಿ

"ಮುಂದಿನ ತಿಂಗಳಿಂದ ಒಂದು ಸಾವಿರ ಜಾಸ್ತಿ ಕೊಡ್ರಿ" ಅಂತ ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತ್ರಕ್ಕೆ ಬಾಡಿಗೆ ಏರುವುದಿಲ್ಲ. ಬಾಡಿಗೆ ಅನ್ನುವುದು ಇಬ್ಬರು ಒಪ್ಪಿ ಮಾಡಿಕೊಂಡ ಕರಾರು. ಮನೆ ನಮ್ಮದೇ ಆದರೂ ಮಧ್ಯದಲ್ಲಿ ಒಬ್ಬರೇ ಅದನ್ನು ಬದಲಿಸಲು ಆಗುವುದಿಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮನೆಯ ಮೇಲಿನ ಪೋರ್ಷನ್ ಬಾಡಿಗೆಗೆ ಕೊಡುತ್ತಾ ಬಂದಿದ್ದೇನೆ. ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಗೆ ಹೋಗುವವರು, ಓದಲು ಬಂದ ಮೆಡಿಕಲ್ ಹುಡುಗರು, ಎಲ್ಲರೂ ಇದ್ದು ಹೋಗಿದ್ದಾರೆ. ಏರಿಕೆ ವಿಷಯ ಕಾಗದದ ಮೇಲೆ ಹೋದರೆ ಜಗಳ ಕಡಿಮೆ.

ಮೊದಲು ಕರಾರು ಪತ್ರ ತೆಗೆದು ಓದಿ. ಕೋರ್ಟಿನ ಹತ್ತಿರದ ಟೈಪಿಂಗ್ ಅಂಗಡಿಯ ರೆಡಿಮೇಡ್ ಕರಾರಿನಲ್ಲಿ ಏರಿಕೆಯ ಜಾಗ ಎಷ್ಟೋ ಸಲ ಖಾಲಿಯೇ ಇರುತ್ತದೆ, ಸಹಿ ಮಾಡುವಾಗ ಯಾರೂ ನೋಡುವುದಿಲ್ಲ. "11 ತಿಂಗಳ ನಂತರ ಮುಂದುವರಿದರೆ ಬಾಡಿಗೆ ನೂರಕ್ಕೆ 5ರಂತೆ ಏರುತ್ತದೆ" ಎಂಬ ಒಂದು ಸಾಲು ಇದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಅವಧಿ ಮುಗಿಯುವವರೆಗೆ ಕಾಯಿರಿ, ಹೊಸ ಕರಾರಿನಲ್ಲಿ ಹೊಸ ಮೊತ್ತ ಕೇಳಿ. ಎಲ್ಲರೂ 11 ತಿಂಗಳಿಗೇ ಯಾಕೆ ಬರೆಸುತ್ತಾರೆ ಗೊತ್ತಲ್ವಾ? ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು.

ಇನ್ನು ಕಾಗದ. ನಾನು ಬರೆಯುವುದು ಹೀಗೆ:

"ಬಳ್ಳಾರಿ, 1 ಜನವರಿ 2026. ನನ್ನ ಮನೆಯ ಮೊದಲ ಮಹಡಿಯಲ್ಲಿ ನೀವು ತಿಂಗಳಿಗೆ 9,000 ರೂಪಾಯಿ ಬಾಡಿಗೆಗೆ ಇದ್ದೀರಿ. 1 ಏಪ್ರಿಲ್ 2025ರ ನಮ್ಮ ಕರಾರು 28 ಫೆಬ್ರವರಿ 2026ಕ್ಕೆ ಮುಗಿಯುತ್ತದೆ. ಅದರ 4ನೇ ಷರತ್ತಿನಂತೆ 1 ಮಾರ್ಚ್ 2026ರಿಂದ ಬಾಡಿಗೆ 9,450 ರೂಪಾಯಿ ಆಗುತ್ತದೆ. ಅಡ್ವಾನ್ಸ್, ನೀರು, ಕರೆಂಟಿನ ಲೆಕ್ಕ ಮೊದಲಿನಂತೆಯೇ. ಮುಂದುವರಿಯಲು ಒಪ್ಪಿಗೆ ಇದ್ದರೆ 31 ಜನವರಿಯೊಳಗೆ ತಿಳಿಸಿ."

ಕೆಳಗೆ ಹೆಸರು, ವಿಳಾಸ, ಸಹಿ. ಅಷ್ಟೇ. ನಲ್ಲಿ ನೀರು ದಿನಾ ಬಾರದ ನಮ್ಮ ಊರಲ್ಲಿ ಸಂಪು, ಟ್ಯಾಂಕರಿನ ಲೆಕ್ಕವನ್ನು ಮಾತ್ರ ಬಿಡಬೇಡಿ, ಬೇಸಿಗೆ ಬಂದ ಕೂಡಲೇ ಅದೇ ಜಗಳಕ್ಕೆ ಮೂಲ. ಹಳೆ ಮೊತ್ತ, ಹೊಸ ಮೊತ್ತ, ತಾರೀಖು ಮೂರೂ ಅಂಕಿಯಲ್ಲಿ ಇರಲಿ. "ಸ್ವಲ್ಪ ಜಾಸ್ತಿ ಮಾಡಿ ಕೊಡಿ" ಅಂತ ಬರೆದರೆ ಎಷ್ಟು ಅಂತ ಯಾರಿಗೆ ಗೊತ್ತು?

ಎರಡು ಪ್ರತಿ ಮಾಡಿ. ಒಂದನ್ನು ಕೈಗೆ ಕೊಟ್ಟು, ಇನ್ನೊಂದರ ಮೇಲೆ "ತಲುಪಿದೆ" ಎಂದು ತಾರೀಖಿನೊಂದಿಗೆ ಸಹಿ ಹಾಕಿಸಿಕೊಳ್ಳಿ. ಸಹಿ ಮಾಡಲು ಹಿಂದೆ ಮುಂದೆ ನೋಡಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಎತ್ತಿಡಿ. ಹಳೆ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೇ ಸೇರಿಹೋಗಿದೆ. ವಾಟ್ಸಾಪ್‌ನಲ್ಲಿ ಫೋಟೋ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದೊಂದನ್ನೇ ನಂಬಿಕೊಂಡು ಕೂರಬೇಡಿ.

ಎಷ್ಟು ದಿನ ಮೊದಲು ಕೊಡಬೇಕು? ಕರಾರಿನಲ್ಲಿ ಇದ್ದಷ್ಟು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ 3 ತಿಂಗಳು ಅಂತಿದೆ, ಆದರೆ ಅದು ಮಾದರಿ, ರಾಜ್ಯ ಕಾನೂನು ಮಾಡಿದರೆ ಮಾತ್ರ ಅನ್ವಯ ಆಗುತ್ತದೆ. ನನ್ನ ಲೆಕ್ಕದಲ್ಲಿ ಎರಡು ತಿಂಗಳು ನ್ಯಾಯ. ಬೇರೆ ಮನೆ ಹುಡುಕಲು, ಮಕ್ಕಳ ಶಾಲೆ ನೋಡಲು ಅವರಿಗೂ ಸಮಯ ಬೇಕಲ್ಲ. ಬಾಡಿಗೆ ತೀರಾ ಕಡಿಮೆ ಇರುವ ಹಳೆ ಮನೆಗಳಿಗೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಅನ್ವಯ ಆಗಬಹುದು. ಅಲ್ಲಿ ಏರಿಕೆಗೂ ನಿಯಮ ಇದೆ, ವಕೀಲರನ್ನು ಕೇಳದೆ ಕೈ ಹಾಕಬೇಡಿ.

ಅವರು ಒಪ್ಪದಿದ್ದರೆ? ಮೊದಲು ಕೂತು ಮಾತಾಡಿ. ಕೇಳಿದ್ದರಲ್ಲಿ ಇನ್ನೂರು ಬಿಟ್ಟರೆ ಒಳ್ಳೆಯ ಬಾಡಿಗೆದಾರ ಉಳಿಯುತ್ತಾನೆ ಅಂದರೆ ಬಿಡುವುದೇ ಲಾಭ, ಖಾಲಿ ಮನೆ ಒಂದು ತಿಂಗಳಲ್ಲಿ ಅದರ ಎಷ್ಟೋ ಪಟ್ಟು ತಿನ್ನುತ್ತದೆ. ಆಗಲೂ ಒಪ್ಪದಿದ್ದರೆ ಬಾಡಿಗೆ ಮುಗಿಸುವ ನೋಟಿಸೇ ಬೇರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಯ ಮನೆಗೆ 15 ದಿನ, ನೋಟಿಸ್ ಅವರ ಕೈ ಸೇರಿದ ದಿನದಿಂದ ಎಣಿಕೆ. ಕರಾರಿನಲ್ಲಿ ಬೇರೆ ಅವಧಿ ಬರೆದಿದ್ದರೆ ಅದೇ ಲೆಕ್ಕ. ಅದಾದ ಮೇಲೂ ಬಿಡದಿದ್ದರೆ ಕೋರ್ಟು. ನೀರು ನಿಲ್ಲಿಸುವುದು, ಫ್ಯೂಸ್ ಕೀಳುವುದು, ಬೀಗ ಹಾಕುವುದು ಬೇಡವೇ ಬೇಡ. ಬಲವಂತವಾಗಿ ಹೊರಹಾಕಿದರೆ ಬಾಡಿಗೆದಾರ 6 ತಿಂಗಳೊಳಗೆ ಕೇಸು ಹಾಕಿ ಮನೆ ವಾಪಸ್ ಪಡೆಯಬಹುದು.

ಕೌಲ್ ಬಜಾರ್ ಕಡೆಯ ಮಾಲೀಕರಿಗೆ ಒಂದು ಮಾತು. ನಿಮ್ಮ ಕಟ್ಟಡದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಇದ್ದರೆ 15 ದಿನದ ಲೆಕ್ಕ ಹಿಡಿಯಬೇಡಿ. ತಯಾರಿಕೆಗೆ ಕೊಟ್ಟ ಜಾಗಕ್ಕೆ, ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ಅದೇ ಕಲಂ 6 ತಿಂಗಳ ನೋಟಿಸ್ ಕೇಳುತ್ತದೆ.

ಒಪ್ಪಿದರೆ ಹೊಸ ಸ್ಟ್ಯಾಂಪ್ ಪೇಪರಿನಲ್ಲಿ ಹೊಸ ಕರಾರು ಮಾಡಿಸಿ. ಮಾರ್ಚ್ ರಸೀದಿಯಲ್ಲಿ 9,450 ಎಂದೇ ಬರೆಯಿರಿ.