ಲಿಪ್‌ಸ್ಟಿಕ್, ಕಾಡಿಗೆ, ಕುಂಕುಮ: ಬಟ್ಟೆಗೆ ಹತ್ತಿದ ಕಲೆ ಬಿಡಿಸುವ ಬಗೆ

ಸೆರಗಿಗೆ ಲಿಪ್‌ಸ್ಟಿಕ್ ಹತ್ತಿದ್ದು ಕಂಡ ಕೂಡಲೇ ನಲ್ಲಿ ಕೆಳಗೆ ಹಿಡಿದು ಉಜ್ಜಬೇಡಿ. ಲಿಪ್‌ಸ್ಟಿಕ್ ಅಂದರೆ ಮೇಣ, ಎಣ್ಣೆ, ಬಣ್ಣ. ಮೇಣ ತಣ್ಣೀರಿಗೆ ಜಗ್ಗುವುದಿಲ್ಲ, ಬಿಸಿನೀರಿಗೆ ಕರಗಿ ಹರಡುತ್ತದೆ, ಉಜ್ಜಿದರೆ ನೂಲಿನೊಳಗೆ ಇಳಿಯುತ್ತದೆ. ಮೊದಲು ಮೇಣ ಬಿಡಿಸಬೇಕು, ಆಮೇಲೆ ಸೋಪು, ಕೊನೆಗೆ ನೀರು. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಮುಟ್ಟಿಸಲೇಬಾರದು.

ಹತ್ತಿ ಬಟ್ಟೆಯಾದರೆ ಹೀಗೆ ಮಾಡಿ. ಮೇಲೆ ಕೂತ ಮುದ್ದೆಯನ್ನು ಚಮಚದ ಅಂಚಿನಿಂದ ಹೆರೆದು ತೆಗೆಯಿರಿ. ಹಳೇ ಬಿಳಿ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಹಾಸಿ, ಅದರ ಮೇಲೆ ಕಲೆಯನ್ನು ಬೋರಲು ಹಾಕಿ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟನ್ನು ಹತ್ತಿಯುಂಡೆಗೆ ಅದ್ದಿ, ಬಟ್ಟೆಯ ಹಿಂಬದಿಯಿಂದ ಒತ್ತಿ. ಒಲೆ, ದೀಪ ಹತ್ತಿರ ಇರಬಾರದು. ಎತ್ತಿ ನೋಡಿದರೆ ಪಂಚೆಯ ಮೇಲೆ ಕೆಂಪು ಅಚ್ಚು ಬಿದ್ದಿರುತ್ತದೆ. ಪಂಚೆಯ ಹೊಸ ಜಾಗಕ್ಕೆ ಸರಿಸಿ ಮತ್ತೆ ಒತ್ತಿ. ಸರಿಸದಿದ್ದರೆ ಇಳಿದ ಬಣ್ಣವೇ ವಾಪಸ್ ಹತ್ತುತ್ತದೆ. ಅಚ್ಚು ಬೀಳುವುದು ನಿಂತ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ 4-5 ಹನಿ ಹಾಕಿ, 10 ನಿಮಿಷ ಬಿಟ್ಟು ತಣ್ಣೀರಲ್ಲಿ ಜಾಲಿಸಿ.

ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆ ಬೋರ್ ನೀರಲ್ಲಿ ಒಗೆಯುವವರಿಗೆ ಇನ್ನೊಂದು ಕಾಟವಿದೆ. ಗಡಸು ನೀರಿನ ಸುಣ್ಣದಂಶಕ್ಕೆ ಬಾರ್ ಸೋಪು ಸೇರಿದರೆ ನೊರೆ ಬರುವುದಿಲ್ಲ, ಬೂದು ಬಣ್ಣದ ಜಿಡ್ಡಾಗುತ್ತದೆ. ಅದು ಕಲೆಯ ಸುತ್ತ ಕೂತರೆ ಕಲೆ ಹೋದರೂ ಉಂಗುರ ಉಳಿಯುತ್ತದೆ. ಲಿಕ್ವಿಡ್ ಡಿಟರ್ಜೆಂಟ್ ಬಳಸಿ. ಕೊನೆಯ ಒಂದು ಜಾಲಿಗಾದರೂ ಫಿಲ್ಟರ್ ನೀರು ಎತ್ತಿಡಿ.

ದಿಂಬಿನ ಕವರಿಗೆ ಹತ್ತಿದ ಕಾಡಿಗೆಯ ಕಪ್ಪು ಬಹುಮಟ್ಟಿಗೆ ಮಸಿಯೇ. ಮಸಿ ಕರಗುವ ಬಣ್ಣವಲ್ಲ, ಪುಡಿ. ಬ್ಲೀಚ್ ಸುರಿದರೂ ಬಿಳಿಯಾಗುವುದಿಲ್ಲ. ಕಾಡಿಗೆಗೆ ಕಲಸಿದ ಹರಳೆಣ್ಣೆಯೋ ಮೇಣವೋ ಆ ಪುಡಿಯನ್ನು ನೂಲಿಗೆ ಹಿಡಿದಿಟ್ಟಿರುತ್ತದೆ. ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ 5 ನಿಮಿಷ ಬಿಡಿ, ಹತ್ತಿಯಿಂದ ಒತ್ತಿ ತೆಗೆಯಿರಿ, ನಂತರ ಲಿಕ್ವಿಡ್ ಹಾಕಿ ಎಣ್ಣೆಯನ್ನೂ ತೊಳೆಯಿರಿ.

ಕುಂಕುಮ ಚೆಲ್ಲಿದರೆ ಒದ್ದೆ ಕೈ ತಾಗಿಸಬೇಡಿ. ಕೊಡವಿ, ಉಳಿದ ಪುಡಿಯನ್ನು ಸೆಲ್ಲೋ ಟೇಪಿನಿಂದ ಎತ್ತಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಅರಿಶಿನದ ಕಲೆ ಸೋಪು ಹಾಕಿದ ಕೂಡಲೇ ರಕ್ತದಂತೆ ಕೆಂಪಾಗುತ್ತದೆ, ಗಾಬರಿಯಾಗುವುದು ಬೇಡ. ಸುಣ್ಣ ತಾಗಿದರೆ ಅರಿಶಿನ ಕುಂಕುಮವಾಗುವ ಗುಣವೇ ಇದು. ಹತ್ತಿ ಬಟ್ಟೆಗೆ ನಾಲ್ಕು ಹನಿ ನಿಂಬೆರಸ ಬಿಟ್ಟರೆ ಮತ್ತೆ ಹಳದಿಗೆ ತಿರುಗುತ್ತದೆ. ಜಾಲಿಸಿ, ಬಿಳಿ ಬಟ್ಟೆಯಾದರೆ ಮಾಳಿಗೆ ಮೇಲೆ ನೇರ ಬಿಸಿಲಿಗೆ ಹರವಿ. ಅರಿಶಿನದ ಹಳದಿ ಬೆಳಕಿಗೆ ತಾಳುವುದಿಲ್ಲ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಎರಡು ಮೂರು ದಿನದಲ್ಲಿ ಮಾಸುತ್ತದೆ. ನಿಂಬೆರಸ ಹಾಕಿದ ಬಟ್ಟೆಗೆ ಬ್ಲೀಚ್ ಸೇರಿಸಲೇಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಮೊಳಕಾಲ್ಮೂರು ರೇಷ್ಮೆಗೆ ಮೇಲಿನ ಯಾವುದನ್ನೂ ಹಾಗೇ ಮಾಡಬೇಡಿ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರುವ ಸೀರೆಯಲ್ಲಿ ಒಂದರ ಬಣ್ಣ ಇನ್ನೊಂದಕ್ಕೆ ಹರಿದರೆ ಮತ್ತೆ ಸರಿಯಾಗದು. ನೆರಿಗೆಯೊಳಗೆ ಸೇರುವ ತುದಿಯಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ ಬಿಳಿ ಬಟ್ಟೆ ಒತ್ತಿ ನೋಡಿ. ಸೀರೆಯ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಜಿಡ್ಡಿನ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ರಾತ್ರಿಯಿಡೀ ಬಿಟ್ಟು ಮೆತ್ತನೆಯ ಬ್ರಷ್‌ನಿಂದ ಕೊಡವಿ, ಡ್ರೈ ಕ್ಲೀನಿಂಗ್‌ಗೆ ಕೊಡಿ. ಯಾವುದರ ಕಲೆ, ಏನು ಹಚ್ಚಿದ್ದೀರಿ ಎಂಬುದನ್ನು ಮರೆಯದೆ ಹೇಳಿ. ಜರಿಗೆ ನಿಂಬೆರಸ ತಾಗಬಾರದು. ಕ್ಲೋರಿನ್ ಬ್ಲೀಚ್ ರೇಷ್ಮೆ ಎಳೆಯನ್ನೇ ತಿಂದುಬಿಡುತ್ತದೆ.

ಕತ್ತುಪಟ್ಟಿಯ ಫೌಂಡೇಶನ್‌ಗೆ ಒಗೆಯುವ ಮುಂಚೆ ಒಣಬಟ್ಟೆಗೇ ಲಿಕ್ವಿಡ್ ಹಚ್ಚಿ ಕಾಲು ಗಂಟೆ ಬಿಟ್ಟರೆ ಸಾಕು. ನೇಲ್ ಪಾಲಿಶ್‌ಗೆ ಅಸಿಟೋನ್ ಬೇಕು, ಆದರೆ ಅಸಿಟೇಟ್ ಎಂಬ ಕೃತಕ ನೂಲಿನ ಲೈನಿಂಗ್ ಅದಕ್ಕೆ ಕರಗಿ ತೂತಾಗುತ್ತದೆ. ಸೋಫಾಕ್ಕೆ ನೀರು ಸುರಿದರೆ ಒಳಗಿನ ಸ್ಪಂಜು ನೆನೆದು ವಾಸನೆ ಹಿಡಿಯುತ್ತದೆ. ಎರಡು ಲೋಟ ನೀರಿಗೆ ಒಂದು ಚಮಚ ಲಿಕ್ವಿಡ್ ಹಾಕಿ ಕಡೆದು, ನೊರೆಯನ್ನಷ್ಟೇ ಬಟ್ಟೆಯಲ್ಲಿ ಎತ್ತಿ, ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ಹಿಂಡಿದ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ ಫ್ಯಾನ್ ಹಾಕಿ.