ಉಂಗುರ ಕೊಳ್ಳುವ ಮುಂಚೆ ಕೈ ನೋಡಿ

ಕೆಲಸಕ್ಕೆ ಸೇರಿದ ಮೊದಲ ವರ್ಷ ಅಕ್ಕನಿಗೊಂದು ಪಚ್ಚೆಯ ಉಂಗುರ ತಂದಿದ್ದೆ. ಅಕ್ಕನನ್ನು ಕೊಟ್ಟದ್ದು ಶಿರಸಿ ಪಕ್ಕದ ತೋಟದ ಮನೆಗೆ. ಉಂಗುರ ತಿರುಗಿಸಿ ಮುರುಗಿಸಿ ನೋಡಿ ಅವಳು ಕೇಳಿದ್ದು ಒಂದೇ ಮಾತು: “ಇದ್ನ ಹಾಕ್ಯಂಡು ಅಡಕೆ ಸುಲಿಯದು ಹ್ಯಾಂಗ ತಮಾ?” ಆದರೂ ತಮ್ಮ ತಂದದ್ದಲ್ಲವೇ ಅಂತ ಹಾಕಿಕೊಂಡಳು. ಆ ವರ್ಷದ ಅಡಿಕೆ ಕೊನೆಕೊಯ್ಲು ಮುಗಿಯುವಷ್ಟರಲ್ಲಿ ಪಚ್ಚೆಯ ಒಂದು ಮೂಲೆ ಹಾರಿಹೋಗಿತ್ತು. ಕಲ್ಲಿನ ಸುತ್ತಲಿನ ಸಂದಿಯಲ್ಲೆಲ್ಲ ಅಡಿಕೆ ಚೊಗರು ಕಪ್ಪಗೆ ಕೂತಿತ್ತು. ಅಂಗಡಿಯವರ ತಪ್ಪೇನಿಲ್ಲ. ನಾನು ಶೋಕೇಸ್ ನೋಡಿದ್ದೆ, ಅಕ್ಕನ ಕೈ ನೋಡಿರಲಿಲ್ಲ.

ಅಲ್ಲಿಂದೀಚೆಗೆ ಮನೆಯಲ್ಲಿ ಯಾರು ಯಾರಿಗೆ ಒಡವೆ ಕೊಡುವುದಿದ್ದರೂ ನನ್ನನ್ನು ಕೇಳುತ್ತಾರೆ, ಪೆಟ್ಟು ತಿಂದವನಿಗೆ ಗೊತ್ತಿರುತ್ತದೆ ಎಂದು. ನಾನು ಹೇಳುವ ಕ್ರಮ ಹೀಗಿದೆ.

ಮೊದಲ ವಾರ ಅಂಗಡಿಗೆ ಹೋಗಬೇಡಿ

ಕೊಡಬೇಕೆಂದಿರುವವರನ್ನು ಸುಮ್ಮನೆ ಗಮನಿಸಿ. ದಿನಾ ಹಾಕುವುದು ಯಾವುದು, ಮದುವೆ ಮುಂಜಿಗೆ ಮಾತ್ರ ಕಪಾಟಿನಿಂದ ಹೊರಬರುವುದು ಯಾವುದು? ಮೂಗುತಿ ಎಡಕ್ಕೋ ಬಲಕ್ಕೋ, ತಿರುಪಿನದ್ದೋ ಕೊಕ್ಕೆಯದ್ದೋ? ಕಿವಿಯ ತೂತು ಜಗ್ಗಿದೆಯೇ? ಜಗ್ಗಿದ್ದರೆ ಭಾರದ ಜುಮಕಿ ಕೊಟ್ಟು ಹಿಂಸೆ ಮಾಡಬೇಡಿ. ಕೊಡಲೇಬೇಕೆಂದಿದ್ದರೆ ಭಾರ ಹೊರುವ ಮಾಟಿಯನ್ನೂ ಜೊತೆಗೆ ಕೊಡಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಉಂಗುರ, ಬಳೆ ಎರಡೂ ತೊಡಕು. ದಿನಕ್ಕೆ ಹತ್ತು ಸಲ ಕೈ ತೊಳೆಯಬೇಕು, ಗ್ಲೌಸ್ ಹಾಕಬೇಕು. ಅವರಿಗೆ ಕಿವಿಯದ್ದೋ ಕೊರಳಿನದ್ದೋ ಸರಿ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ನೋಡಿ. ಮೀನು ಕೊಯ್ಯುವ ಕೈಯಲ್ಲಿ ಇರುವುದು ಹರಳಿಲ್ಲದ, ನುಣುಪಾದ ಬಂಗಾರದ ಬಳೆ. ಸಂಜೆ ಸೋಪು ಹಾಕಿ ತೊಳೆದರೆ ಕೆಲಸ ಮುಗಿಯಿತು. ಅದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಡಿಸೈನರೂ ಹೇಳಿಕೊಡಲಾರ.

ಒಡವೆ ಎಂದರೆ ಚಿನ್ನವೇ ಆಗಬೇಕೆಂದೂ ಇಲ್ಲ. 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲಾದ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಕೊರಳ ತುಂಬ ಇದ್ದದ್ದು ಹಾಲಕ್ಕಿ ಸಮುದಾಯದ ಹೆಂಗಸರ ಮಣಿಸರ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಒಂದು ಡಜನ್ ಗಾಜಿನ ಬಳೆ ಇಡಿಸಿಕೊಂಡ ಅತ್ತೆಯ ಮುಖ ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಅಳತೆ ಕದಿಯುವ ಉಪಾಯ

ಅಚ್ಚರಿ ಮೂಡಿಸಬೇಕೆಂದರೆ ಕೇಳುವಂತಿಲ್ಲ. ಅವರದ್ದೇ ಹಳೆಯ ಉಂಗುರವನ್ನು ಕಾಗದದ ಮೇಲಿಟ್ಟು ಒಳಸುತ್ತನ್ನು ಚೂಪು ಪೆನ್ಸಿಲ್ಲಿನಿಂದ ಗೀರಿಕೊಳ್ಳಿ. ಯಾವ ಬೆರಳಿನದ್ದು ಎಂದು ಪಕ್ಕದಲ್ಲಿ ಬರೆಯಲು ಮರೆಯಬೇಡಿ. ದಾರ ಸುತ್ತಿ ಅಳೆಯುವುದಾದರೆ ಸಂಜೆ ಅಳೆಯಿರಿ. ನಮ್ಮ ಕರಾವಳಿಯ ಸೆಕೆಗೆ ಬೆರಳು ಬೆಳಿಗ್ಗೆಗಿಂತ ಸಂಜೆ ದಪ್ಪ. ಬಳೆಯ ಲೆಕ್ಕ ಸುಲಭ: “ಎರಡು ನಾಲ್ಕು” ಎಂದರೆ ಒಳವ್ಯಾಸ ಎರಡೂಕಾಲು ಇಂಚು, “ಎರಡು ಎಂಟು” ಎಂದರೆ ಎರಡೂವರೆ. ಎರಡನೆಯ ಅಂಕೆ ಇಂಚಿನ ಹದಿನಾರನೇ ಭಾಗದ್ದು. ಅಂದಾಜಿನಲ್ಲಿ ತರುವುದೇ ಆದರೆ ಸರ ಅಥವಾ ಓಲೆ ತನ್ನಿ, ಉಂಗುರದ ಸಹವಾಸ ಬೇಡ.

ಹರಳು: ಗಟ್ಟಿಯೆಲ್ಲ ಗಟ್ಟಿಯಲ್ಲ

ಜರ್ಮನಿಯ ಖನಿಜತಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಟ್ಟ. ಯಾವುದು ಯಾವುದನ್ನು ಗೀರುತ್ತದೆ ಎಂಬ ಲೆಕ್ಕ ಅದು. ವಜ್ರಕ್ಕೆ 10. ಮಾಣಿಕ್ಯ, ನೀಲ ಎರಡಕ್ಕೂ 9. ಬಣ್ಣ ಬೇರೆಯಾದರೂ ಖನಿಜ ಒಂದೇ. ಪಚ್ಚೆಗೆ ಏಳೂವರೆಯಿಂದ 8. ಹವಳ 3ರಿಂದ 4, ಮುತ್ತು ಎರಡೂವರೆಯ ಮೇಲೆ ಒಂದಿಷ್ಟು. ಇಲ್ಲಿ ನೆನಪಿಡಬೇಕಾದ ಗೆರೆ 7. ಅದು ಸ್ಫಟಿಕದ ಅಂಕ, ಮತ್ತು ಅಂಗಳದ ದೂಳಿನಲ್ಲಿ ಸ್ಫಟಿಕದ ಕಣ ಇದ್ದೇ ಇರುತ್ತದೆ. ಏಳಕ್ಕಿಂತ ಮೆತ್ತಗಿನ ಹರಳು ದಿನಬಳಕೆಯ ಉಂಗುರದಲ್ಲಿದ್ದರೆ ದೂಳು ಒರೆಸಿ ಒರೆಸಿಯೇ ಹೊಳಪು ಕಳೆದುಕೊಳ್ಳುತ್ತದೆ.

ಹಾಗಾದರೆ 8ರ ಹತ್ತಿರವಿದ್ದ ಅಕ್ಕನ ಪಚ್ಚೆ ಒಡೆದದ್ದು ಯಾಕೆ? ಗೀರು ಬೀಳದಿರುವುದು ಬೇರೆ, ಪೆಟ್ಟು ತಡೆಯುವುದು ಬೇರೆ. ಪಚ್ಚೆಯ ಒಳಗೆ ಹುಟ್ಟಿನಿಂದಲೇ ಸಣ್ಣ ಸಣ್ಣ ಬಿರುಕುಗಳಿರುತ್ತವೆ. ಅವು ಕಾಣದಿರಲೆಂದು ಎಣ್ಣೆ ಕುಡಿಸುವುದು ವ್ಯಾಪಾರದಲ್ಲಿ ಮಾಮೂಲು. ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಒಮ್ಮೆ ತಾಗಿದರೆ ಸಾಕು. ಬಿಸಿನೀರಿನಲ್ಲಿ ನೆನೆಸಿದರೆ, ಒಡವೆ ತೊಳೆಯುವ ಅಂಗಡಿಯ ಅಲ್ಟ್ರಾಸೋನಿಕ್ ಯಂತ್ರಕ್ಕೆ ಹಾಕಿದರೆ ಎಣ್ಣೆ ಹೊರಬಂದು ಬಿರುಕು ಹಲ್ಲು ಕಿಸಿಯುತ್ತದೆ. ಪಚ್ಚೆಯನ್ನು ಓಲೆಯಲ್ಲಿಯೋ ಪದಕದಲ್ಲಿಯೋ ಕೊಡಿ, ಕೈಗೆ ಬೇಡ.

ಮುತ್ತಿನ ಕತೆ ಇನ್ನೂ ನಾಜೂಕು. ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಬಳಚು ಚಿಪ್ಪು ಹೆಕ್ಕುವವರಿಗೆ ಇದು ಬೇಗ ಅರ್ಥವಾದೀತು: ಚಿಪ್ಪನ್ನು ಸುಟ್ಟರೆ ಸುಣ್ಣವಾಗುತ್ತದೆ, ಮುತ್ತೂ ಹೆಚ್ಚುಕಡಿಮೆ ಅದೇ ವಸ್ತು. ಚಿಪ್ಪಿನ ಮೇಲೆ ಲಿಂಬೆರಸ ಹಿಂಡಿದರೆ ನೊರೆ ಬರುತ್ತದೆ. ಹುಣಸೆಹುಳಿ ಕಿವುಚುವ, ಮುರುಗಲು ನೆನೆಸುವ ಬೆರಳಲ್ಲಿ ಮುತ್ತಿನ ಉಂಗುರ ಎಷ್ಟು ದಿನ ಬಾಳೀತು? ಕೊರಳಿಗೆ ಕೊಡಿ. ಸೆಂಟು, ಪೌಡರು ಎಲ್ಲ ಮುಗಿದ ಮೇಲೆ ಕೊನೆಗೆ ಹಾಕಿ, ಬಂದ ಕೂಡಲೇ ಮೊದಲು ತೆಗೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿಡಿ ಎಂದು ಹೇಳಿಕೊಡಿ. ಸರವಾದರೆ ಎರಡು ಮುತ್ತುಗಳ ನಡುವೆ ಗಂಟು ಇದೆಯೇ ನೋಡಿ. ಗಂಟಿದ್ದರೆ ದಾರ ಕಡಿದರೂ ಒಂದೇ ಮುತ್ತು ಉದುರೀತು, ಇಡೀ ಸರವಲ್ಲ.

ಹವಳವೂ ಇದೇ ಜಾತಿ, ಹುಳಿ ಅದಕ್ಕೂ ಆಗದು. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಹವಳವಿದೆಯಲ್ಲ, ಒಂದು ತುಂಡು ತಂದು ಪದಕ ಮಾಡಿಸೋಣ ಎಂದ ಗೆಳೆಯನೊಬ್ಬನಿದ್ದಾನೆ. ಬಂಡೆಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಕೈ ಹಚ್ಚಿದರೆ ಜೈಲು. ಒಡವೆಗೆ ಬಳಸುವ ಕೆಂಪು ಹವಳವೇ ಬೇರೆ; ಅದಕ್ಕೆ ಹೆಸರಾದದ್ದು ಮೆಡಿಟರೇನಿಯನ್ ಸಮುದ್ರ.

ಹೆಸರಿನಲ್ಲೇನಿದೆ? ದುಡ್ಡಿದೆ

“ಅಮೆರಿಕನ್ ಡೈಮಂಡ್” ಅಮೆರಿಕದ್ದೂ ಅಲ್ಲ, ಡೈಮಂಡೂ ಅಲ್ಲ. ಕಾರ್ಖಾನೆಯಲ್ಲಿ ತಯಾರಾಗುವ ಕ್ಯೂಬಿಕ್ ಜಿರ್ಕೋನಿಯ ಅದು. ಲ್ಯಾಬಿನಲ್ಲಿ ಬೆಳೆಸಿದ ವಜ್ರ ಹಾಗಲ್ಲ, ಅದು ನಿಜವಾದ ವಜ್ರವೇ. ಬೆಲೆ ಮಾತ್ರ ಗಣಿಯದ್ದಕ್ಕಿಂತ ಬಹಳ ಕಡಿಮೆ, ಮರಳಿ ಮಾರಹೋದರೆ ಇನ್ನೂ ಕಡಿಮೆ. 2023ರಲ್ಲಿ ಪ್ರಧಾನಿ ಮೋದಿ ಅಮೆರಿಕಕ್ಕೆ ಹೋದಾಗ ಆಗಿನ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಕೊಟ್ಟದ್ದು ಇಂಥದೇ ಏಳೂವರೆ ಕ್ಯಾರಟ್ಟಿನ ವಜ್ರ. ಹಾಗಾಗಿ ಕೊಡಲು ನಾಚಿಕೆ ಬೇಡ, ಗಣಿಯ ವಜ್ರವೆಂದು ಹೇಳಿ ಕೊಡಬೇಡಿ ಅಷ್ಟೇ.

ಹೆಚ್ಚು ಜನ ಎಡವುವುದು ಪುಷ್ಯರಾಗದಲ್ಲಿ. ಜೋಯಿಸರು ಹೇಳುವುದು ಸಾಮಾನ್ಯವಾಗಿ ಹಳದಿ ನೀಲವನ್ನು, ಅಂದರೆ ಯೆಲ್ಲೋ ಸಫೈರನ್ನು. ನಿಘಂಟು ಹೇಳುವುದು ಟೋಪಾಜನ್ನು. ಡಬ್ಬಿಯಲ್ಲಿ ಇರಬಹುದಾದದ್ದು ಸಿಟ್ರಿನ್, ಅಂದರೆ ಹಳದಿ ಸ್ಫಟಿಕ. ಮೂರೂ ಹಳದಿಯೇ, ಬೆಲೆಗೆ ಮಾತ್ರ ಆಕಾಶ ಪಾತಾಳದ ಅಂತರ. ಮಾಣಿಕ್ಯವೂ ಅಷ್ಟೆ. ಬಿಸಿ ಮಾಡಿ ಬಣ್ಣ ತಿದ್ದುವುದು ಹಳೆಯ, ಎಲ್ಲರೂ ಒಪ್ಪಿದ ಪದ್ಧತಿ. ಬಿರುಕಿಗೆ ಸೀಸದ ಗಾಜು ತುಂಬಿದ ಮಾಣಿಕ್ಯ ಅಗ್ಗದ ಮಾಲು, ಲಿಂಬೆರಸವೂ ಆ ಗಾಜನ್ನು ಕೆಡಿಸಬಲ್ಲದು. ಅಂಗಡಿಯಲ್ಲಿ ಮೂರೇ ಪ್ರಶ್ನೆ ಕೇಳಿ: ಭೂಮಿಯಿಂದ ಬಂದದ್ದೋ ಲ್ಯಾಬಿನದ್ದೋ? ಇದಕ್ಕೆ ಏನೇನು ಮಾಡಿದ್ದಾರೆ? ಈ ಎರಡನ್ನೂ ಬಿಲ್ಲಿನಲ್ಲಿ ಬರೆದು ಕೊಡುತ್ತೀರಾ? ಮೂರನೆಯದಕ್ಕೆ ಬರುವ ಮುಖಭಾವದಲ್ಲಿ ಮೊದಲೆರಡರ ಉತ್ತರವೂ ಸಿಗುತ್ತದೆ. ನನ್ನ ಪಚ್ಚೆಯ ಬಿಲ್ಲಿನಲ್ಲಿ ಇದ್ದದ್ದು “ಹಸಿರು ಹರಳು 1” ಎಂದಷ್ಟೇ.

ರಾಶಿಯ ಹರಳಿನ ಬಗ್ಗೆ ಒಂದು ಮಾತು. ನನಗೆ ಅದರಲ್ಲಿ ನಂಬಿಕೆಯಿಲ್ಲ, ಆದರೆ ಉಡುಗೊರೆ ನನಗಲ್ಲವಲ್ಲ. ನೀಲ ಎಲ್ಲರಿಗೂ ಆಗಿಬರುವುದಿಲ್ಲ ಎಂದು ಹೆದರುವ ಮನೆಗೆ ನೀಲ ಒಯ್ದರೆ ಅದು ದೇವರ ಗೂಡಿನಿಂದ ಈಚೆ ಬರುವುದೇ ಇಲ್ಲ.

ಚಿನ್ನ ಮತ್ತು ಬಿಲ್ಲು

ಒಂದೇ ಪದ ಎರಡು ಅರ್ಥ ಕೊಟ್ಟು ಗೊಂದಲ ಮಾಡುತ್ತದೆ. ಚಿನ್ನದ ಕ್ಯಾರಟ್ ಶುದ್ಧತೆ: 22 ಎಂದರೆ 916, 18 ಎಂದರೆ 750. ಹರಳಿನ ಕ್ಯಾರಟ್ ತೂಕ: ಒಂದಕ್ಕೆ 200 ಮಿಲಿಗ್ರಾಂ. ಹರಳಿನ ಒಡವೆಗೆ 18 ಕ್ಯಾರಟ್ ಎಂದರೆ ಮೂಗು ಮುರಿಯಬೇಡಿ. 22 ಮೆತ್ತಗೆ, ಹರಳು ಹಿಡಿದ ಕಾಲುಗಳು ಬೇಗ ಸಡಿಲವಾಗುತ್ತವೆ.

ಹಾಲ್‌ಮಾರ್ಕ್ ಮೂರು ಗುರುತುಗಳದ್ದು: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮುದ್ರೆ, ಶುದ್ಧತೆ, ಮತ್ತು ಎಚ್‌ಯುಐಡಿ, ಅಂದರೆ ಆ ಒಡವೆಗೆಂದೇ ಕೊಟ್ಟ, ಅಂಕೆ ಅಕ್ಷರ ಬೆರೆತ ಆರು ಸ್ಥಾನಗಳ ಗುರುತುಸಂಖ್ಯೆ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇರುವ ಗುರುತೇ ಕಡ್ಡಾಯ. 2 ಗ್ರಾಮಿಗಿಂತ ಕಡಿಮೆಯದ್ದಕ್ಕೆ ವಿನಾಯಿತಿ ಇರುವುದರಿಂದ ಸಣ್ಣ ಮೂಗುತಿಯಲ್ಲಿ ಹುಡುಕಬೇಡಿ. ಅಂಗಡಿಯಲ್ಲಿ ನಿಂತೇ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ. ಕೈಯಲ್ಲಿರುವುದು ಓಲೆ, ಆ್ಯಪ್ ತೋರಿಸುವುದು ಉಂಗುರ ಎಂದಾದರೆ ನಮಸ್ಕಾರ ಹೇಳಿ ಹೊರಬನ್ನಿ. ಹಾಲ್‌ಮಾರ್ಕ್ ಭರವಸೆ ಕೊಡುವುದು ಚಿನ್ನಕ್ಕೆ, ಹರಳಿಗಲ್ಲ. ಇದನ್ನು ಮರೆತವರೇ ಹೆಚ್ಚು.

ಇನ್ನು ತೂಕ. 6 ಗ್ರಾಮಿನ ಉಂಗುರದಲ್ಲಿ 4 ಕ್ಯಾರಟ್ ಹರಳಿದ್ದರೆ 0.8 ಗ್ರಾಂ ಕಲ್ಲು, ಚಿನ್ನ 5.2 ಮಾತ್ರ. ಕಲ್ಲಿಗೆ ಚಿನ್ನದ ದರ ಕೊಟ್ಟು ಬರುವುದು ನಮ್ಮಲ್ಲಿ ಹೊಸದಲ್ಲ. ಒಟ್ಟು ತೂಕ, ನಿವ್ವಳ ತೂಕ, ಹರಳಿನ ಬೆಲೆ, ಮಜೂರಿ ಬಿಲ್ಲಿನಲ್ಲಿ ಬೇರೆ ಬೇರೆ ಸಾಲಿನಲ್ಲಿರಲಿ. ಒಳಗೆ ಅರಗು ತುಂಬಿದ ಹಳೆ ನಮೂನೆಯದ್ದಾದರೆ ಅರಗಿನ ತೂಕವನ್ನೂ ಕಳೆಯಿಸಿ. ಮನೆತನದ ಶೇಟ್ರ (ಅಕ್ಕಸಾಲಿಗರ) ಹತ್ತಿರ ಮಾಡಿಸುವವರು ಇದೆಲ್ಲ ಕೇಳಲು ಸಂಕೋಚಪಡುತ್ತಾರೆ. ಕೇಳಿ. ಒಳ್ಳೆಯ ಕೆಲಸಗಾರರಿಗೆ ಲೆಕ್ಕ ಹೇಳುವುದೆಂದರೆ ಖುಷಿಯೇ.

ಕೊಡುವಾಗ, ಕೊಟ್ಟ ಮೇಲೆ

ಡಬ್ಬಿಯ ಜೊತೆ ಬಿಲ್ಲನ್ನೂ ಲಕೋಟೆಯಲ್ಲಿ ಹಾಕಿ ಕೊಡಿ. ಬೆಲೆ ತೋರಿಸಿದಂತಾಗುತ್ತದೆ ಎಂಬ ದಾಕ್ಷಿಣ್ಯಕ್ಕೆ ಬಿಲ್ಲು ಇಟ್ಟುಕೊಂಡರೆ ನಾಳೆ ಬದಲಾಯಿಸಲು ಅವರು ನಿಮ್ಮನ್ನೇ ಹುಡುಕಬೇಕು. ಬೆಳ್ಳಿ ಕೊಟ್ಟರೆ ಮಳೆಗಾಲದ ಮಾತನ್ನೂ ಹೇಳಿ. ನಮ್ಮ ತೇವದ ಗಾಳಿಯಲ್ಲಿ ಅದು ಬೇಗ ಕಪ್ಪಾಗುತ್ತದೆ. ಗಾಳಿಯಾಡದ ಚೀಲದಲ್ಲಿ ಒಂದು ತುಂಡು ಸೀಮೆಸುಣ್ಣದ ಜೊತೆ ಇಟ್ಟರೆ ತಡವಾಗಿ ಕಪ್ಪಾದೀತು. ಮುತ್ತನ್ನು ಮಾತ್ರ ಹಾಗೆ ಕಟ್ಟಿಡಬೇಡಿ. ಅಂಟುವಾಳದ ನೊರೆ ಬಂಗಾರಕ್ಕೆ ಬಹಳ ಒಳ್ಳೆಯದು. ಆದರೆ ಹಿಂಭಾಗ ಮುಚ್ಚಿ ಕಟ್ಟಿದ ಕೆಂಪು ಹರಳಿನ ಓಲೆಯನ್ನು ನೆನೆಹಾಕಿದರೆ ಹರಳಿನ ಹಿಂದಿನ ತಗಡಿಗೆ ನೀರು ಇಳಿದು ಕಲ್ಲು ಮಂಕಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ವರ್ಷಕ್ಕೊಮ್ಮೆ, ನಮ್ಮಲ್ಲಾದರೆ ಕೊನೆಕೊಯ್ಲು ಮುಗಿದ ಮೇಲೆ, ಹರಳಿನ ಒಡವೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕಟಕಟ ಸದ್ದು ಬಂದರೆ ಕಲ್ಲು ಸಡಿಲವಾಗಿದೆ, ಅವತ್ತೇ ಶೇಟ್ರ ಹತ್ತಿರ ಒಯ್ಯಿರಿ. ಅಕ್ಕನ ಉಂಗುರಕ್ಕೆ ಈಗ ಈ ಪರೀಕ್ಷೆ ಬೇಕಿಲ್ಲ. ಒಡೆದ ಪಚ್ಚೆ ತೆಗೆಸಿ, ಅದೇ ಚಿನ್ನ ಕರಗಿಸಿ, ಚಪ್ಪಟೆಯದೊಂದು ಮಾಡಿಸಿಕೊಂಡಿದ್ದಾಳೆ. ಅಡಿಕೆ ಸುಲಿಯುವಾಗಲೂ ಬೆರಳಲ್ಲೇ ಇರುತ್ತದೆ.